ಕೆರೆ ತುಂಬಿತು, ಕೊಡದೊಳಗಿನ ನೀರಿಗೆ ಯಾರು ಹೊಣೆ? ಕೋಲಾರದ ಕೆ.ಸಿ. ವ್ಯಾಲಿ ಪ್ರಕರಣ

2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಪೈಪಿನಲ್ಲಿ ನೀರು ಬಂತು. ಬೆಂಗಳೂರಿನ ಬಚ್ಚಲು, ಅಡುಗೆಮನೆ, ಶೌಚಾಲಯಗಳಿಂದ ಹೊರಬಿದ್ದು, ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಘಟಕಗಳಲ್ಲಿ ಎರಡು ಹಂತ ಶುದ್ಧವಾಗಿ, 50 ಕಿಲೋಮೀಟರ್‌ಗೂ ಜಾಸ್ತಿ ದೂರ ಪಂಪಿನ ಬಲದಲ್ಲಿ ಬಂದ ನೀರು ಅದು. ಜುಲೈ ಮುಗಿಯುವುದರೊಳಗೆ ಅದೇ ಕೆರೆಯಲ್ಲಿ ಬಿಳಿ ನೊರೆ ಎದ್ದಿತು, ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು, ನೀರು ಹರಿಸುವುದಕ್ಕೆ ತಡೆ ಬಿತ್ತು. ಸೆಪ್ಟೆಂಬರ್‌ನಲ್ಲಿ ತಡೆ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟಿತು. ಅದೇ ವರ್ಷ ಅದೂ ತೆರವಾಯಿತು. ಆಮೇಲೆ ಕೆರೆಗಳು ಒಂದರ ಹಿಂದೆ ಒಂದು ತುಂಬುತ್ತಾ ಹೋದವು.

ಈ ಯೋಜನೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಎರಡು ಪಂಗಡ. ಒಬ್ಬರಿಗೆ ಇದು ಬರಗಾಲದ ಜಿಲ್ಲೆಯನ್ನು ಉಳಿಸಿದ ಭಾಗೀರಥಿ, ಇನ್ನೊಬ್ಬರಿಗೆ ಬೆಂಗಳೂರಿನ ಕೊಳಚೆಯನ್ನು ಹಳ್ಳಿಯ ತಲೆಗೆ ಕಟ್ಟಿದ ಮೋಸ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ನೀರು ಬಂದಿದ್ದು ನಿಜವಾದ ಲಾಭ. ಆದರೆ ಈ ನೀರು ಕೆರೆಯಿಂದ ನೆಲಕ್ಕೆ, ನೆಲದಿಂದ ಬೋರ್‌ವೆಲ್‌ಗೆ, ಅಲ್ಲಿಂದ ಮನೆಯ ಕೊಡಕ್ಕೆ ಹೋಗುವ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಕಾಯುವ ಒಂದು ಕಚೇರಿಯೂ ಇಲ್ಲ. ಈ ಪ್ರಕರಣದಲ್ಲಿ ನೋಡಬೇಕಾದದ್ದು ಇದನ್ನೇ.

ಯಾಕೆ ಈ ನೀರು ಬೇಕಾಯಿತು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಇದೆ, ಅದರಲ್ಲಿ ಮಳೆ ಬಂದರೆ ಮಾತ್ರ ನೀರು. ಹಿಂದಿನವರು ಇದಕ್ಕೆ ಕಂಡುಕೊಂಡ ದಾರಿ ಕೆರೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚಲು ನೀರುಗಂಟಿ. ಸಾವಿರಾರು ಕೆರೆಗಳ ಈ ಏರ್ಪಾಡು ಮಳೆ ಕಡಿಮೆಯಿರುವ ಊರಿಗೆ ಸರಿಯಾಗಿ ಹೊಂದಿಕೊಂಡಿತ್ತು.

ಆಮೇಲೆ ಬೋರ್‌ವೆಲ್ ಬಂತು. ಹೂಳು ತೆಗೆಯುವುದು ನಿಂತಿತು, ಕಾಲುವೆ ಒತ್ತುವರಿಯಾಯಿತು, ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಟೊಮ್ಯಾಟೊ, ಹಿಪ್ಪುನೇರಳೆ, ಹಸುವಿನ ಮೇವು ಎಲ್ಲಕ್ಕೂ ನೆಲದಡಿಯ ನೀರೇ. ತೆರೆದ ಬಾವಿಗಳು ಬತ್ತಿದವು. ಬೋರು ಸಾವಿರ ಅಡಿ ದಾಟಿ ಹೋದವು. ಅಷ್ಟು ಆಳದಲ್ಲಿ ಗ್ರಾನೈಟ್ ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5. ಅದಕ್ಕಿಂತ ಜಾಸ್ತಿಯಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಆಮೇಲೆ ದೊಡ್ಡವರ ಕೀಲು ಹಿಡಿತ. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ‘ಶಾಶ್ವತ ನೀರಾವರಿ’ ಅನ್ನುವ ಬೇಡಿಕೆ ಹುಟ್ಟಿತು. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ನೀರಿನಲ್ಲಿ ಒಂದು ಪಾಲು ಬಯಲುಸೀಮೆಗೆ ಬರಲಿ ಅನ್ನುವುದು ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ಅವರ ಲೆಕ್ಕಾಚಾರ. ವರ್ಷಗಟ್ಟಲೆ ಧರಣಿ, ಪಾದಯಾತ್ರೆ ನಡೆದವು. 2014ರಲ್ಲಿ ಎತ್ತಿನಹೊಳೆ ಯೋಜನೆಗೆ ಅಡಿಗಲ್ಲು ಬಿತ್ತು. 24 ಟಿಎಂಸಿ ನೀರು ಅಂತ ಹೇಳಿದರು. ಕಾಮಗಾರಿ ಎಳೆಯುತ್ತಾ ಹೋಯಿತು, ಅಂದಾಜು ವೆಚ್ಚ 8,323 ಕೋಟಿಯಿಂದ 23,000 ಕೋಟಿ ದಾಟಿತು, ಮೊದಲ ಹಂತ ಉದ್ಘಾಟನೆಯಾಗಿದ್ದು 2024ರಲ್ಲಿ, ಅದೂ ಸಕಲೇಶಪುರದಲ್ಲಿ.

ಈ ನಡುವೆ ಸರ್ಕಾರದ ಕಣ್ಣಿಗೆ ಬಿದ್ದಿದ್ದು ಬೆಂಗಳೂರಿನ ಚರಂಡಿ ನೀರು. ಕಾವೇರಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿಸಿ ತಂದ ನೀರು ಒಮ್ಮೆ ಬಳಕೆಯಾಗಿ ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿ ಸೇರುತ್ತಿತ್ತು. ಬೆಳ್ಳಂದೂರು ಕೆರೆಯ ನೊರೆ, ಅದರ ಮೇಲೆ ಎದ್ದ ಬೆಂಕಿ ಟಿವಿಯಲ್ಲಿ ದೇಶವೆಲ್ಲ ನೋಡಿತು. ಆ ನೀರನ್ನು ಶುದ್ಧ ಮಾಡಿ ಕೋಲಾರಕ್ಕೆ ಕಳಿಸಿದರೆ ಒಂದು ಕಡೆಯ ಹೊರೆ ಇಳಿಯುತ್ತದೆ, ಇನ್ನೊಂದು ಕಡೆಯ ಬಾಯಾರಿಕೆ ತೀರುತ್ತದೆ. ದಿನಕ್ಕೆ 440 ದಶಲಕ್ಷ ಲೀಟರ್, ಅಂದರೆ 44 ಕೋಟಿ ಲೀಟರ್. ಪೂರ್ತಿ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿಗೂ ಮೇಲೆ. ವೆಚ್ಚ 1,300 ಕೋಟಿ ರೂಪಾಯಿ ಆಸುಪಾಸು. ಸಣ್ಣ ನೀರಾವರಿ ಇಲಾಖೆ ಕೈಗೆತ್ತಿಕೊಂಡ ಕೆಲಸದಲ್ಲಿ ಕೋಲಾರದ ಜೊತೆ ಚಿಂತಾಮಣಿ ಕಡೆಯ ಕೆಲವು ಕೆರೆಗಳೂ ಸೇರಿ 137 ಕೆರೆ.

ಆ ನೀರು ದಕ್ಷಿಣ ಪಿನಾಕಿನಿಯಲ್ಲಿ ತಮಿಳುನಾಡಿನ ಹೊಸೂರಿನ ಕಡೆ ಹೋಗುವುದು ಕಡಿಮೆಯಾದರೆ ಕೆಳಗಿನವರ ಪಾಡೇನು ಅನ್ನುವ ಪ್ರಶ್ನೆಯೂ ಇದೆ. ತಮಿಳುನಾಡು ಮತ್ತು ನಮ್ಮ ನಡುವೆ ಈ ನದಿಯ ಜಗಳ ಬೇರೆಯೇ ಒಂದು ಕಡತ. ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ.

ನೊರೆ ಹೇಳಿದ್ದು, ಹೇಳದೇ ಇದ್ದದ್ದು

ಎರಡು ಹಂತದ ಶುದ್ಧೀಕರಣ ಅಂದರೇನು ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಗಳದ ಬುಡ ಇಲ್ಲಿದೆ. ಮೊದಲ ಹಂತದಲ್ಲಿ ಪ್ಲಾಸ್ಟಿಕ್, ಬಟ್ಟೆ ಚೂರು, ಮರಳು ತೆಗೆದು, ಭಾರದ ಕೊಳೆ ತಳಕ್ಕೆ ಕೂರಲು ಬಿಡುತ್ತಾರೆ. ಎರಡನೇ ಹಂತದಲ್ಲಿ ದೊಡ್ಡ ತೊಟ್ಟಿಗಳಿಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಬೆಳೆಯುತ್ತವೆ. ಅವನ್ನು ಕೆಸರಾಗಿ ಕೂರಿಸಿ ಬೇರೆ ಮಾಡಿದರೆ ಮೇಲಿನ ನೀರು ತಿಳಿ. ಈ ಹಂತ ಚೆನ್ನಾಗಿ ನಡೆದರೆ ನಾತ ಹೋಗುತ್ತದೆ, ಬಿಒಡಿ ಇಳಿಯುತ್ತದೆ. ಸಾವಯವ ಕೊಳೆಯನ್ನು ಕರಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಯೇ ಬಿಒಡಿ.

ಹೋಗದೇ ಉಳಿಯುವುದು ಏನು? ಉಪ್ಪಿನಂಶ ಹಾಗೇ ಇರುತ್ತದೆ. ನೈಟ್ರೇಟ್, ಫಾಸ್ಫೇಟ್ ಪೂರ್ತಿ ಹೋಗುವುದಿಲ್ಲ. ರೋಗ ತರುವ ಸೂಕ್ಷ್ಮಜೀವಿಗಳು ಕಡಿಮೆಯಾದರೂ ಕ್ಲೋರಿನ್ ಅಥವಾ ಅತಿನೇರಳೆ ಕಿರಣದ ಏರ್ಪಾಡು ಇಲ್ಲದೆ ಪೂರ್ತಿ ಸಾಯುವುದಿಲ್ಲ. ನಾವು ನುಂಗಿದ ಮಾತ್ರೆಗಳ ಅಂಶವೂ ಸ್ವಲ್ಪ ದಾಟಿಬರುತ್ತದೆ. ಯಾವುದೋ ಗಲ್ಲಿಯ ಸಣ್ಣ ಕಾರ್ಖಾನೆ ಒಳಚರಂಡಿಗೆ ಸುರಿದ ಲೋಹದ ನೀರನ್ನು ಬ್ಯಾಕ್ಟೀರಿಯಾ ತಿನ್ನಲಾರವು. ಒಂದಷ್ಟು ಕೆಸರಿಗೆ ಅಂಟಿಕೊಳ್ಳುತ್ತದೆ, ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಇವುಗಳಲ್ಲಿ ಬಹಳಷ್ಟನ್ನು ಹಿಡಿಯಲು ಮೂರನೇ ಹಂತ ಬೇಕು. ಹೋರಾಟಗಾರರು ಮೊದಲ ದಿನದಿಂದ ಕೇಳುತ್ತಿರುವುದು ಅದನ್ನೇ.

ನೊರೆಗೆ ಕಾರಣ ಮುಖ್ಯವಾಗಿ ಬಟ್ಟೆ, ಪಾತ್ರೆ ತೊಳೆಯುವ ಸಾಬೂನಿನ ರಾಸಾಯನಿಕ. ಎರಡನೇ ಹಂತ ಸರಿಯಾಗಿ ನಡೆದರೆ ಇದರಲ್ಲಿ ಬಹುಪಾಲು ಕರಗಿಹೋಗಬೇಕು. ಪೈಪಿನ ಬಾಯಿಯಿಂದ ರಭಸವಾಗಿ ಬಿದ್ದ ನೀರಲ್ಲಿ ಉಳಿದಿದ್ದರೆ ಕಡೆದಂತಾಗಿ ನೊರೆ ಏಳುತ್ತದೆ. ಹಾಗಾಗಿ ಲಕ್ಷ್ಮೀಸಾಗರದ ನೊರೆ ಒಂದು ಮಾತನ್ನಂತೂ ಖಚಿತವಾಗಿ ಹೇಳಿತು: ಆ ಹೊತ್ತಿಗೆ ಬಂದ ನೀರು ಆಗಬೇಕಾದಷ್ಟು ಶುದ್ಧವಾಗಿರಲಿಲ್ಲ. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಕೋರ್ಟಿಗೆ ಹೋದರು. ನೀರು ಬೇಕು ಅಂತ ಬೀದಿಗಿಳಿದವರೇ ನೀರಿಗೆ ತಡೆ ತಂದರಲ್ಲ ಅಂತ ಆಗ ಬಹಳ ಜನ ಕೊಂಕು ಮಾತಾಡಿದರು. ನನಗೆ ಅದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಬಾಯಾರಿದವನಿಗೂ ಲೋಟದೊಳಗೆ ಏನಿದೆ ಅಂತ ಕೇಳುವ ಹಕ್ಕಿದೆ ಅಲ್ವಾ?

ಆದರೆ ನೊರೆಯನ್ನೇ ಅಳತೆಗೋಲು ಮಾಡಿಕೊಂಡಿದ್ದರಿಂದ ಒಂದು ನಷ್ಟವಾಯಿತು. ನೊರೆ ನಿಂತ ಮೇಲೆ ಚರ್ಚೆಯ ಕಾವೂ ಇಳಿಯಿತು. ಕಣ್ಣಿಗೆ ಕಾಣುವ ನೊರೆಗಿಂತ ಕಾಣದ ನೈಟ್ರೇಟ್ ಕುಡಿಯುವ ನೀರಿಗೆ ದೊಡ್ಡ ತಲೆನೋವು. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಸುಗೂಸುಗಳಿಗೆ ಅಪಾಯ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ.

ನೀರಾವರಿ ನೀರು, ಕುಡಿಯುವ ನೀರು

ಸರ್ಕಾರದ ವಾದ ಸರಳವಾಗಿತ್ತು. ಇದು ಕುಡಿಯುವ ನೀರಲ್ಲ, ಅಂತರ್ಜಲ ಹೆಚ್ಚಿಸುವ ನೀರು. ಕೆರೆಯಿಂದ ನೇರವಾಗಿ ಪಂಪ್ ಹಚ್ಚಬೇಡಿ, ನೆಲಕ್ಕೆ ಇಂಗಲಿ, ಮಣ್ಣು ಸೋಸುತ್ತದೆ, ಬೋರ್‌ವೆಲ್‌ನಿಂದ ತೆಗೆದು ಬೆಳೆಗೆ ಹಾಕಿ.

ಮಣ್ಣು ಸೋಸುತ್ತದೆ, ನಿಜ. ಕೆರೆಯ ತಳದ ಜೇಡಿ, ಅದರ ಕೆಳಗಿನ ಸವೆದ ಕಲ್ಲಿನ ಪದರ ದಾಟುವಷ್ಟರಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವು ಲೋಹಗಳು ಮಣ್ಣಿಗೆ ಹಿಡಿದುಕೊಳ್ಳುತ್ತವೆ. ಪ್ರಪಂಚದ ಬೇರೆ ಕಡೆಯೂ ಹೀಗೆ ಇಂಗಿಸಿ ಬಳಸುತ್ತಾರೆ. ಆದರೆ ಅಂಥ ಬಹಳಷ್ಟು ಕಡೆ ದಪ್ಪ ಮರಳಿನ ಪದರವಿದೆ. ಕೋಲಾರದ್ದು ಗಟ್ಟಿ ಕಲ್ಲಿನ ನೆಲ. ಬಿರುಕು ಸಿಕ್ಕ ಕಡೆ ನೀರು ಸೋಸಿಕೊಳ್ಳದೇ ಸರ‍್ರನೆ ಇಳಿದುಬಿಡಬಹುದು. ಒಂದು ಬೋರು ಚೆನ್ನಾಗಿದ್ದು, ನೂರು ಅಡಿ ಆಚೆಯದು ಕೆಟ್ಟಿರಬಹುದು. ಮಣ್ಣಿಗೆ ಉಪ್ಪನ್ನೂ ನೈಟ್ರೇಟನ್ನೂ ಹಿಡಿದಿಡುವ ಶಕ್ತಿ ಅಷ್ಟಾಗಿ ಇಲ್ಲ.

ಉಪ್ಪಿನ ಲೆಕ್ಕ ಯಾರೂ ಅಷ್ಟಾಗಿ ಮಾತಾಡದ ವಿಷಯ. ಕೆರೆಯ ನೀರು ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಇಂಗಿದ ನೀರನ್ನು ಬೋರಿನಿಂದ ತೆಗೆದು ಹೊಲಕ್ಕೆ ಬಿಟ್ಟರೆ ಅಲ್ಲೂ ಅದೇ ಕತೆ. ಮಿಕ್ಕ ನೀರು ಮತ್ತೆ ನೆಲದೊಳಗೆ. ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಏರುತ್ತದೆ. ದೊಡ್ಡ ಮಳೆ ಬಂದು ಕೋಡಿ ಹರಿದು ತೊಳೆದುಹೋದರೆ ಸರಿ, 2021ರಲ್ಲಿ ಆದ ಹಾಗೆ. ಅಂಥ ಮಳೆ ಈ ಜಿಲ್ಲೆಗೆ ಪ್ರತಿ ವರ್ಷ ಬರುವುದಿಲ್ಲ. ಇನ್ನೊಂದು ಮಾತು. ಸರಣಿಯ ಮೇಲ್ಗಡೆಯ ಕೆರೆಗಳು ಸದಾ ಬೆಂಗಳೂರಿನ ನೀರಿನಿಂದಲೇ ತುಂಬಿದ್ದರೆ, ಬಿದ್ದ ಒಳ್ಳೆಯ ಮಳೆನೀರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪಂಪ್ ನಿಧಾನ ಮಾಡಿ ಕೆರೆಯಲ್ಲಿ ಜಾಗ ಬಿಡುವುದು ಕಷ್ಟದ ಕೆಲಸವೇನಲ್ಲ. ಯಾರಾದರೂ ತೀರ್ಮಾನ ಮಾಡಬೇಕಷ್ಟೆ.

ಲಾಭದ ಕಡೆಗೂ ಬರೋಣ. ಬತ್ತಿದ್ದ ತೆರೆದ ಬಾವಿಗಳಲ್ಲಿ ಮತ್ತೆ ನೀರು ಕಂಡಿತು. ಕೈಬಿಟ್ಟಿದ್ದ ಬೋರುಗಳಿಗೆ ಮೋಟಾರು ಇಳಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ತಂಡ ಅಂತರ್ಜಲ ಏರಿದ್ದನ್ನೂ, ಬೆಳೆ, ಹಾಲು, ಮೀನಿನ ಆದಾಯ ಹೆಚ್ಚಿದ್ದನ್ನೂ ಅಳೆದು ಪ್ರಕಟಿಸಿದೆ. ನೀರಿನ ಮಟ್ಟ ಏರಿದರೆ ಆಳದ ಫ್ಲೋರೈಡ್ ನೀರನ್ನೇ ನೆಚ್ಚಿಕೊಳ್ಳುವುದು ಕಡಿಮೆಯಾಗಬಹುದು, ಅದೂ ಸಣ್ಣ ಲಾಭವಲ್ಲ. ಅದೇ ಸಂಸ್ಥೆಯ ಪರಿಸರ ವಿಜ್ಞಾನಿ ಟಿ.ವಿ. ರಾಮಚಂದ್ರ ಲೋಹದಂಶ ಮತ್ತು ಅರೆಬರೆ ಶುದ್ಧೀಕರಣದ ಬಗ್ಗೆ ಎಚ್ಚರಿಸುತ್ತಾ ಬಂದವರು. ಜನ ತಮಗೆ ಬೇಕಾದ ವರದಿಯನ್ನು ಹಿಡಿದುಕೊಂಡು ಇನ್ನೊಂದನ್ನು ಬೈಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ನೀರು ಎಷ್ಟು ಅನ್ನುವುದು ಒಂದು ಪ್ರಶ್ನೆ, ಎಂಥದು ಅನ್ನುವುದು ಇನ್ನೊಂದು.

‘ಕುಡಿಯುವ ನೀರಲ್ಲ’ ಅನ್ನುವ ವಾದ ಬಿದ್ದುಹೋಗುವುದು ಇಲ್ಲೇ. ಕೋಲಾರದ ಬಹುಪಾಲು ಹಳ್ಳಿಗಳಿಗೆ ಕುಡಿಯುವ ನೀರೇ ಅಂತರ್ಜಲ. ಪಂಚಾಯಿತಿ ಬೋರಿನಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಕೆರೆಯ ಕೆಳಗಿನ ಹೊಲದ ಬೋರು, ಊರಿನ ಬೋರು ಎರಡಕ್ಕೂ ನೆಲದೊಳಗೆ ಬೇರೆ ಬೇರೆ ಗೋಡೆ ಕಟ್ಟಿಲ್ಲ.

ಹೌದು, ಊರೂರಲ್ಲಿ ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ಆರ್‌ಒ ಯಂತ್ರ ಚೆನ್ನಾಗಿದ್ದರೆ ಫ್ಲೋರೈಡ್, ನೈಟ್ರೇಟ್, ಉಪ್ಪು, ಲೋಹ ಎಲ್ಲವನ್ನೂ ಬಹಳಷ್ಟು ತಡೆಯುತ್ತದೆ. ಆದರೆ ಅದರೊಳಗಿನ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಬದಲಿಸದೇ ವರ್ಷಗಟ್ಟಲೆ ಓಡಿಸಿದರೆ? ಯಂತ್ರ ಕೆಟ್ಟು ಶಟರ್ ಎಳೆದ ಘಟಕ ನೋಡದವರು ಯಾರಿದ್ದಾರೆ? ಫಿಲ್ಟರ್ ನೀರು ಕುಡಿಯುವುದಕ್ಕೆ ಮಾತ್ರ, ಮುದ್ದೆಗೂ ಸಾರಿಗೂ ನಲ್ಲಿ ನೀರೇ ಅನ್ನುವ ಮನೆಗಳೂ ಇವೆ. ಘಟಕ ಹೊರಗೆ ಬಿಡುವ ಗಟ್ಟಿ ಉಪ್ಪುನೀರು ಸೀದಾ ಚರಂಡಿಗೆ, ಚರಂಡಿ ಕೆರೆಗೆ. ತೆಗೆದಿದ್ದನ್ನು ಅಲ್ಲೇ ಹಿತ್ತಲಿಗೆ ಸುರಿದ ಹಾಗಾಯಿತು.

ಯಾರ ಕೈಯಲ್ಲಿ ಯಾವ ತುಂಡು

ಶುದ್ಧೀಕರಣ ಘಟಕ ನಡೆಸುವುದು ಬೆಂಗಳೂರು ಜಲಮಂಡಳಿ. ಪೈಪು, ಪಂಪು, ಕೆರೆ ತುಂಬಿಸುವುದು ಸಣ್ಣ ನೀರಾವರಿ ಇಲಾಖೆ. ಗುಣಮಟ್ಟ ಮೀರಿದರೆ ನೋಟಿಸ್ ಕೊಡಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಹಳ್ಳಿಯ ನಲ್ಲಿ ನೀರಿನ ಪರೀಕ್ಷೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದು. ದಿನನಿತ್ಯ ನೀರು ಬಿಡುವುದು, ಟ್ಯಾಂಕ್ ತೊಳೆಸುವುದು, ಬ್ಲೀಚಿಂಗ್ ಪೌಡರ್ ಹಾಕಿಸುವುದು ಗ್ರಾಮ ಪಂಚಾಯಿತಿ ಮತ್ತು ಅದರ ವಾಟರ್‌ಮ್ಯಾನ್. ವಾಂತಿಭೇದಿ ಶುರುವಾದರೆ ಆರೋಗ್ಯ ಇಲಾಖೆ. ಇವರಲ್ಲಿ ಯಾರನ್ನು ಕೇಳಿದರೂ ತಮ್ಮ ತುಂಡು ಸರಿಯಿದೆ ಅಂತ ಕಾಗದ ತೋರಿಸಬಹುದು, ಆ ಕಾಗದ ಸುಳ್ಳೂ ಆಗಿರಬೇಕಿಲ್ಲ. ಘಟಕದ ಬಾಯಲ್ಲಿ ಬಿಒಡಿ ಸರಿ. ಕೆರೆಯಲ್ಲಿ ನೀರಿನ ಮಟ್ಟ ಸರಿ. ನಲ್ಲಿ ನೀರಿನಲ್ಲಿ ಫ್ಲೋರೈಡ್ ಸರಿ. ನಡುವಿನ ದಾರಿಯಲ್ಲಿ, ಕೆರೆಯ ಪಕ್ಕದ ಕುಡಿಯುವ ನೀರಿನ ಬೋರಿನಲ್ಲಿ ಹೋದ ವರ್ಷಕ್ಕಿಂತ ಈ ವರ್ಷ ನೈಟ್ರೇಟ್ ಎಷ್ಟು ಏರಿತು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇಂಥವರೇ ಅಂತ ಬೆರಳು ತೋರಿಸಲು ಆಗುವುದಿಲ್ಲ.

ಹಳ್ಳಿಯ ಮಟ್ಟದಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್, ಅಂದರೆ ನಮ್ಮ ‘ಮನೆ ಮನೆಗೆ ಗಂಗೆ’, ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅನ್ನುತ್ತದೆ. ಕಿಟ್ಟಿನ ಪೆಟ್ಟಿಗೆ ತೆರೆದರೆ ಸಣ್ಣ ಸಣ್ಣ ಸೀಸೆ, ಬಣ್ಣದ ಪಟ್ಟಿ. ಗೆರೆಯವರೆಗೆ ನೀರು ಹಾಕಿ, ಹನಿ ಬಿಟ್ಟು, ಅಲ್ಲಾಡಿಸಿ, ಪಟ್ಟಿಯ ಜೊತೆ ಹೋಲಿಸುವುದು. ಫ್ಲೋರೈಡಿನ ಸೀಸೆಯಲ್ಲಿ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಅಂಶ ಜಾಸ್ತಿ. ಬ್ಯಾಕ್ಟೀರಿಯಾ ಪರೀಕ್ಷೆಯ ಸೀಸೆ ಇನ್ನೂ ಸರಳ: ನೀರು ತುಂಬಿ ಮುಚ್ಚಳ ಹಾಕಿ ಮನೆಯ ಮೂಲೆಯಲ್ಲಿ ಇಟ್ಟರಾಯಿತು. ಒಂದೆರಡು ದಿನದಲ್ಲಿ ಇದ್ದಿಲಿನಂತೆ ಕಪ್ಪಾದರೆ ಆ ನೀರಿಗೆ ಮಲದ ಸಂಪರ್ಕವಿದೆ ಅಂತ ಅನುಮಾನಿಸಬೇಕು. ವರದಿ ಓದಲು ಬಾರದವರಿಗೂ ಆ ಕಪ್ಪು ಸೀಸೆ ಅರ್ಥವಾಗುತ್ತದೆ.

ಆದರೆ ಈ ಕಿಟ್ಟಿಗೆ ಒಂದು ಮಿತಿ ಇದೆ. ಸೀಸದಂಥ ಲೋಹಕ್ಕೆ ಕುಡಿಯುವ ನೀರಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣ ಅಳತೆ ಬಣ್ಣದ ಪಟ್ಟಿಯಲ್ಲಿ ಸಿಗುವುದಿಲ್ಲ, ದೊಡ್ಡ ಪ್ರಯೋಗಾಲಯವೇ ಬೇಕು. ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಜನರಿಗಿರುವ ದೊಡ್ಡ ಭಯ ಲೋಹದ್ದು. ಊರಿನ ಕೈಯಲ್ಲಿರುವ ಕಿಟ್ಟು ಅದೊಂದನ್ನು ಹೇಳಲಾರದು. ಹಾಗಾಗಿ ವಾಟ್ಸ್‌ಆ್ಯಪ್ ಹೇಳುತ್ತದೆ, ಅದಕ್ಕೆ ಯಾವ ಪ್ರಯೋಗಾಲಯವೂ ಬೇಡ.

ಮೂಲದ ಅಳತೆ ಇನ್ನೊಂದು ತೊಡಕು. ನೀರು ಬರುವ ಮುಂಚೆ ಆ ಬಾವಿಯಲ್ಲಿ ಏನಿತ್ತು ಅನ್ನುವ ದಾಖಲೆ ಇಲ್ಲದಿದ್ದರೆ ಈಗ ಸಿಕ್ಕಿದ್ದು ಎಲ್ಲಿಂದ ಬಂತು ಅಂತ ಹೇಗೆ ಹೇಳುವುದು? ನರಸಾಪುರ, ವೇಮಗಲ್, ಮಾಲೂರು ಕಡೆ ಕೈಗಾರಿಕಾ ಪ್ರದೇಶಗಳಿವೆ. ಹೊಲಕ್ಕೆ ಹಾಕುವ ಯೂರಿಯಾ ಇದೆ, ಊರಿನದೇ ಚರಂಡಿ ಇದೆ, ತಿಪ್ಪೆ ಇದೆ. ನೈಟ್ರೇಟ್ ಸಿಕ್ಕಿದ ತಕ್ಷಣ ಎಲ್ಲ ಬೆಂಗಳೂರಿನದೇ ಅನ್ನುವುದೂ ತಪ್ಪು, ಬೆಂಗಳೂರಿನದು ಅಲ್ಲವೇ ಅಲ್ಲ ಅನ್ನುವುದೂ ತಪ್ಪು.

ಆಗಬೇಕಾದ ಕೆಲಸ

ಮೂರನೇ ಹಂತದ ಶುದ್ಧೀಕರಣಕ್ಕೆ ದುಡ್ಡು ಬೇಕು, ಕರೆಂಟ್ ಬೇಕು, ವರ್ಷಗಳು ಬೇಕು. ಆದರೂ ನನ್ನ ಲೆಕ್ಕದಲ್ಲಿ ಅದು ಆಗಲೇಬೇಕು, ಯಾಕೆಂದರೆ ಇದೇ ಮಾದರಿಯನ್ನು ಹೆಬ್ಬಾಳ-ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೂ ಹರಿಸಿದ್ದಾರೆ, ವೃಷಭಾವತಿ ಕಣಿವೆಗೂ ಯೋಜನೆ ಹಾಕಿದ್ದಾರೆ. ಲಕ್ಷ್ಮೀಸಾಗರದಲ್ಲಿ ಬಿಟ್ಟ ಲೋಪ ಮೂರು ಜಿಲ್ಲೆಗೆ ಹರಡುತ್ತದೆ. ಅದಕ್ಕಿಂತ ಅಗ್ಗದ ಕೆಲಸ ಬೆಂಗಳೂರಿನ ಒಳಗೇ ಇದೆ: ಲೋಹದ ನೀರು ಒಳಚರಂಡಿಗೆ ಸೇರುವ ಜಾಗವನ್ನೇ ಮುಚ್ಚುವುದು. 44 ಕೋಟಿ ಲೀಟರಿನಲ್ಲಿ ಕರಗಿದ ಮೇಲೆ ಹುಡುಕುವುದಕ್ಕಿಂತ ಒಂದು ಕಾರ್ಖಾನೆಯ ಮೋರಿಯಲ್ಲಿ ಹಿಡಿಯುವುದು ಸುಲಭ.

ಮೂರನೇ ಹಂತ ಬರುವವರೆಗೂ ಕಾಯದೇ ಮಾಡಬಹುದಾದದ್ದು ಕಾವಲು ಬಾವಿ. ನೀರು ಬರುವ ಪ್ರತಿ ಕೆರೆಯ ಕೆಳಗೆ ಒಂದು ಆಳವಿಲ್ಲದ ಬಾವಿ, ಊರಿನ ಕುಡಿಯುವ ನೀರಿನ ಒಂದು ಬೋರು ಗುರುತಿಸಿ, ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅದೇ ಬಾವಿಯನ್ನೇ ಪರೀಕ್ಷಿಸುತ್ತಾ ಹೋಗುವುದು. ಬೇರೆ ಬೇರೆ ಬಾವಿಯ ಬಿಡಿ ಅಂಕಿಗಳಿಂದ ಪ್ರಯೋಜನ ಕಡಿಮೆ, ಒಂದೇ ಬಾವಿಯ ಐದು ವರ್ಷದ ಸಾಲು ಬೇಕು. ನೀರು ಇನ್ನೂ ಮುಟ್ಟದ ಕೆರೆಗಳಲ್ಲಿ ಇವತ್ತೇ ಶುರು ಮಾಡಿದರೆ ‘ಮುಂಚೆ ಏನಿತ್ತು’ ಅನ್ನುವ ಪ್ರಶ್ನೆಗೆ ಅಲ್ಲಾದರೂ ಉತ್ತರ ಸಿಗುತ್ತದೆ. ಫಲಿತಾಂಶ ಯಾವುದೋ ಪೋರ್ಟಲಿನೊಳಗೆ ಇದ್ದರೆ ಸಾಲದು. ಪಂಚಾಯಿತಿ ಗೋಡೆಯ ಮೇಲೆ, ಕನ್ನಡದಲ್ಲಿ, ಮಿತಿ ಎಷ್ಟು, ನಮ್ಮ ಬೋರಿನಲ್ಲಿ ಎಷ್ಟು ಅಂತ ಬಣ್ಣದಲ್ಲಿ ಬರೆಸಲಿ.

2023ರಲ್ಲಿ ಯರಗೋಳ್ ಯೋಜನೆ ಉದ್ಘಾಟನೆಯಾಗಿ ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಮಾರ್ಕಂಡೇಯ ನದಿಯ ನೀರಿನ ದಾರಿ ಆಯಿತು. ಎತ್ತಿನಹೊಳೆ ಬರುವವರೆಗೆ ಬಹುಪಾಲು ಹಳ್ಳಿಗಳಿಗೆ ಬೋರೇ ಗತಿ. ನಿಮ್ಮೂರ ಕೆರೆಗೆ ಈ ನೀರು ಬರುತ್ತಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಎರಡು ಕಾಗದ ಕೇಳಿ: ಊರಿನ ಕುಡಿಯುವ ನೀರಿನ ಬೋರಿನ ಕೊನೆಯ ಪ್ರಯೋಗಾಲಯ ವರದಿ, ಅದರಲ್ಲಿ ನೈಟ್ರೇಟ್ ಮತ್ತು ಲೋಹ ಎರಡೂ ಇರಬೇಕು, ಹಾಗೇ ಆರ್‌ಒ ಘಟಕದ ಮೆಂಬ್ರೇನ್ ಯಾವಾಗ ಬದಲಿಸಿದ್ದು ಅನ್ನುವ ದಾಖಲೆ. ಇಲ್ಲ ಅಂದರೆ ಇಲ್ಲ ಅಂತಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ಸಣ್ಣ ನೀರಾವರಿ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದೊಂದು ಕಳಿಸಿ.